ಒಂದೇ ಊರು, ಇಬ್ಬರೇ ಜನ

ಯುರೋಪಿಗೆ ಹೋಗಿಬರುವ ಅನುಕೂಲ ಕೂಡಿಬಂದ ಗಂಡ ಹೆಂಡತಿಗೆ ನನ್ನದೊಂದು ಮಾತಿದೆ. ಒಂದೇ ಊರಿಗೆ ಹೋಗಿ, ಇಬ್ಬರೇ ಹೋಗಿ, ನಡೆದು ನೋಡಿ. ಒಂದೂವರೆ ವಾರದಲ್ಲಿ ಏಳೆಂಟು ದೇಶ ದಾಟಿಸುವ ಬಸ್ಸು ಹತ್ತಬೇಡಿ. ಮಕ್ಕಳು ಪ್ರೀತಿಯಿಂದ ಅಂಥ ಪ್ರವಾಸಕ್ಕೆ ದುಡ್ಡು ಕಟ್ಟುತ್ತೇವೆ ಎಂದರೆ, ಆ ದುಡ್ಡನ್ನು ಬೇರೆ ರೀತಿ ಖರ್ಚು ಮಾಡೋಣ ಎಂದು ಅವರನ್ನು ಒಪ್ಪಿಸಿ.

ನಮ್ಮ ಶಿರಸಿ ಸೀಮೆಯ ಊರುಗಳಲ್ಲಿ ಮಕ್ಕಳೆಲ್ಲ ಬೆಂಗಳೂರಿಗೆ, ಅಲ್ಲಿಂದಾಚೆ ಪರದೇಶಕ್ಕೆ ಹೋಗಿ, ತೋಟದ ಮನೆಗಳಲ್ಲಿ ಉಳಿದಿರುವುದು ಅರವತ್ತು ದಾಟಿದ ಇಬ್ಬಿಬ್ಬರೇ. ಅರವತ್ತರ ಶಾಂತಿಗೊ ಮದುವೆಯ ನಲವತ್ತನೇ ವರ್ಷಕ್ಕೊ ಮಕ್ಕಳು ಯುರೋಪ್ ಪ್ರವಾಸವನ್ನು ಉಡುಗೊರೆ ಕೊಡುತ್ತಾರೆ. ಹಾಗೆ ಹೋಗಿಬಂದವರ ಮಾತನ್ನು ಜಗುಲಿಯಲ್ಲಿ ಕೂತು ಕೇಳಿದ್ದೇನೆ. ಹಿಮ ಕಂಡರಂತೆ, ಐಫೆಲ್ ಗೋಪುರದ ಕೆಳಗೆ ಗುಂಪು ಫೋಟೊ ತೆಗೆಸಿಕೊಂಡರಂತೆ, ಬೆಳಿಗ್ಗೆ ಐದಕ್ಕೆ ಎದ್ದು ಪೆಟ್ಟಿಗೆ ಕಟ್ಟಿ ಬಸ್ಸು ಹತ್ತಿದರಂತೆ. ಯಾವ ಬೀದಿಯಲ್ಲಿ ನಡೆದಿರಿ, ಯಾರ ಹತ್ತಿರ ಮಾತಾಡಿದಿರಿ ಎಂದು ಕೇಳಿದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ತಮ್ಮ ತೋಟದ ಯಾವ ಅಡಿಕೆ ಮರ ಯಾವ ವರ್ಷ ಎಷ್ಟು ಕೊನೆ ಬಿಟ್ಟಿತ್ತೆಂದು ಬಾಯಲ್ಲೇ ಹೇಳಬಲ್ಲ ಜನ ಅವರು. ನೋಡುವ ಕಣ್ಣಿಗೆ ಏನೂ ಕಡಿಮೆ ಇಲ್ಲ. ನೋಡಲು ಹೊತ್ತೇ ಸಿಕ್ಕಿರಲಿಲ್ಲ.

ನಾವು ಹೋದದ್ದು ಪೋರ್ಚುಗಲ್ಲಿನ ಲಿಸ್ಬನ್ನಿಗೆ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವಳು. ವಾಸ್ಕೊ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದ ಎಂಬ ಸಾಲನ್ನು ಎಷ್ಟೋ ತಂಡದ ಮಕ್ಕಳ ಕೈಲಿ ಬರೆಸಿದ್ದೇನೆ. ನಮ್ಮನೆಯವರು ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿಕೊಂಡು ಬಂದವರು, ಸೊರಗು ರೋಗದಲ್ಲಿ ಬಳ್ಳಿ ಕಳೆದುಕೊಂಡು ಮತ್ತೆ ನೆಟ್ಟವರು. ಆತ ಹುಡುಕಿಕೊಂಡು ಬಂದದ್ದು ನಮ್ಮ ಹಿತ್ತಿಲ ಬೆಳೆಯನ್ನು. ಅವನು ಹೊರಟ ಊರನ್ನು ನೋಡಬೇಕು ಎಂಬುದು ಇಬ್ಬರಿಗೂ ಒಪ್ಪಿಗೆಯಾದ ಕಾರಣ. ಅಡಿಕೆಗೆ ಹೊಡೆಯುವ ಕೊಳೆ ಔಷಧಿಯ ಮೊದಲ ಸುತ್ತು ಮುಗಿಸಿ, ಎರಡನೇ ಸುತ್ತಿನ ಹೊತ್ತಿಗೆ ವಾಪಸ್ಸು ಎಂದು ಮರ ಹತ್ತುವ ಕೊನೆಗೌಡನಿಗೆ ಮಾತು ಕೊಟ್ಟು, ಜೂನ್ ಮೊದಲ ಮಳೆಯಲ್ಲಿ ಹೊರಟೆವು.

ಲಿಸ್ಬನ್ನಿನ ವಿಮಾನ ನಿಲ್ದಾಣದ ಬಾಗಿಲಲ್ಲೇ ಮೆಟ್ರೊ ಇದೆ. ಕೆಂಪು ಮಾರ್ಗದ ಕೊನೆಯ ನಿಲ್ದಾಣ ಅದು. ಗೋಡೆಗಳ ತುಂಬ ಆ ದೇಶದ ಹೆಸರಾಂತರ ವ್ಯಂಗ್ಯಚಿತ್ರಗಳನ್ನು ಕಪ್ಪು ಬಿಳಿ ಕಲ್ಲಿನಲ್ಲಿ ಕೂರಿಸಿದ್ದಾರೆ. ಅಂತೋನಿಯೊ ಎಂಬ ಪತ್ರಿಕಾ ವ್ಯಂಗ್ಯಚಿತ್ರಕಾರನ ಕೆಲಸ. ಒಂದು ದೇಶ ಬಂದವರನ್ನು ಎದುರುಗೊಳ್ಳಲು ದೊರೆಗಳನ್ನು ನಿಲ್ಲಿಸದೆ ಕವಿ, ಹಾಡುಗಾರ್ತಿ, ಆಟಗಾರರನ್ನು ನಿಲ್ಲಿಸಿದೆಯಲ್ಲ, ಅದು ನನಗೆ ಬಹಳ ಹಿಡಿಸಿತು. ಟಿಕೆಟ್ ಯಂತ್ರದಲ್ಲಿ ನವೆಗಾಂಟೆ ಎಂಬ ಕಾರ್ಡು ಕೊಳ್ಳಬೇಕು. ಕಾರ್ಡಿನ ಬೆಲೆ ಅರ್ಧ ಯೂರೊ, ಅದರ ಮೇಲೆ ಪ್ರಯಾಣದ ಹಣ ತುಂಬಿಸಿಕೊಳ್ಳುವುದು. ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗುವಂತಿಲ್ಲ. ಪ್ರತಿಯೊಬ್ಬರಿಗೂ ಬೇರೆ ಕಾರ್ಡು ಬೇಕು.

ಇದು ಸಣ್ಣ ಸಂಗತಿ ಎನಿಸಬಹುದು. ಮದುವೆಯಾದಾಗಿನಿಂದ ನನ್ನ ಬಸ್ಸಿನ ಟಿಕೆಟು, ರೈಲಿನ ಟಿಕೆಟು ಎಲ್ಲವೂ ಇವರ ಅಂಗಿಯ ಕಿಸೆಯಲ್ಲಿ ಪ್ರಯಾಣ ಮಾಡಿವೆ. ಶಾಲೆಗೆ ಒಬ್ಬಳೇ ಹೋಗಿಬರುತ್ತಿದ್ದೆ ನಿಜ, ಇಬ್ಬರೂ ಒಟ್ಟಿಗೆ ಹೊರಟಾಗ ಮಾತ್ರ ಇವರು ಮುಂದೆ, ನಾನು ಹಿಂದೆ. ಇದರಲ್ಲಿ ದರ್ಪ ಏನಿಲ್ಲ, ನಮ್ಮ ಕಡೆಯ ರೂಢಿ. ಲಿಸ್ಬನ್ನಿನ ಗೇಟಿನಲ್ಲಿ ನನ್ನ ಕಾರ್ಡು ನನ್ನ ಕೈಲಿತ್ತು, ನನ್ನ ಬಾಗಿಲು ನನಗೇ ತೆರೆಯಿತು. ಅಲಮೇದಾ ನಿಲ್ದಾಣದಲ್ಲಿ ಇಳಿದು ಹಸಿರು ಮಾರ್ಗಕ್ಕೆ ಬದಲಾಯಿಸಬೇಕಿತ್ತು. ಅಲ್ಲಿ ಇವರು ನಿಂತು, "ನೀನೇ ಹೇಳು, ಎಡಕ್ಕೊ ಬಲಕ್ಕೊ?" ಎಂದರು. ಇಬ್ಬರಿಗೂ ಗೊತ್ತಿಲ್ಲದ ಊರಿನಲ್ಲಿ ಯಜಮಾನಿಕೆ ತಾನಾಗಿ ಇಬ್ಬರ ಕೈಗೂ ಸಮನಾಗಿ ಬರುತ್ತದೆ. ಗುಂಪು ಪ್ರವಾಸದಲ್ಲಿ ಹೀಗಾಗುವುದಿಲ್ಲ. ಅಲ್ಲಿ ಬಾವುಟ ಹಿಡಿದವನ ಹಿಂದೆ ಗಂಡಸರು, ಅವರ ಹಿಂದೆ ಹೆಂಗಸರು. ಮನೆಯ ಸಾಲೇ ಅಲ್ಲಿಯವರೆಗೂ ಹೋಗಿರುತ್ತದೆ.

ಲಿಸ್ಬನ್ ಗುಡ್ಡಗಳ ಊರು. ಏಳು ಗುಡ್ಡ ಎಂದು ಹೇಳುವ ವಾಡಿಕೆ, ಕಾಲಿಗೆ ಅದಕ್ಕಿಂತ ಹೆಚ್ಚೇ ಅನಿಸುತ್ತದೆ. ಬೀದಿಯ ಅಂಚಿನುದ್ದಕ್ಕೂ ಅಂಗೈಯಲ್ಲಿ ಹಿಡಿಯಬಹುದಾದಷ್ಟು ಸಣ್ಣ ಸುಣ್ಣಕಲ್ಲುಗಳನ್ನು ಒಂದೊಂದಾಗಿ ಕೈಯಿಂದ ಕೂರಿಸಿದ್ದಾರೆ, ನಡುನಡುವೆ ಕಪ್ಪು ಕಲ್ಲಿನ ಚಿತ್ತಾರ. ಊರಿನ ನಡುವಿನ ರೊಸಿಯೊ ಚೌಕದಲ್ಲಿ 19ನೇ ಶತಮಾನದ ನಡುವಿನಲ್ಲಿ ಹಾಕಿದ ಅಲೆಗಳ ವಿನ್ಯಾಸ ಇಂದಿಗೂ ಇದೆ. ಈ ಕೆಲಸ ಕಲಿತವರು ಕಡಿಮೆಯಾಗುತ್ತಿದ್ದಾರೆಂದು ನಗರಸಭೆ 1986ರಲ್ಲಿ ಅದಕ್ಕೊಂದು ಶಾಲೆಯನ್ನೇ ತೆರೆಯಿತು. ಒಂದು ಕಡೆ ಇಬ್ಬರು ಕೆಲಸಗಾರರು ಮೊಣಕಾಲ ಮಟ್ಟದ ಮಣೆಯ ಮೇಲೆ ಕೂತು ಕಲ್ಲು ಒಡೆದು ಕೂರಿಸುತ್ತಿದ್ದರು. ಇವರು ಅಲ್ಲಿಂದ ಕದಲಲಿಲ್ಲ. ತೋಟಕ್ಕೆ ಅಗಳು ಹಾಕಿಸಿ, ಕಲ್ಲಿನ ಕಟ್ಟೆ ಕಟ್ಟಿಸಿದವರಿಗೆ ಕಲ್ಲಿನ ಮುಖ ನೋಡಿ ಒಡೆಯುವ ಕೈ ಕಂಡರೆ ಸಾಕು. ಭಾಷೆಯಿಲ್ಲದೆ ಅವರಿಗೂ ಇವರಿಗೂ ಸುತ್ತಿಗೆಯ ಹಿಡಿ, ಕಲ್ಲಿನ ಅಳತೆ ಎಲ್ಲ ಕೈಸನ್ನೆಯಲ್ಲಿ ಮಾತಾಯಿತು. ಅಷ್ಟೂ ಹೊತ್ತು ನಾನು ಎದುರಿನ ಕಟ್ಟೆಯಲ್ಲಿ ಕೂತಿದ್ದೆ. ಬಸ್ಸಿನವರು ನಮ್ಮನ್ನು ಕಾಯುತ್ತಿದ್ದಾರೆ ಎಂಬ ಅವಸರ ಇರಲಿಲ್ಲ. ಒಬ್ಬರಿಗೆ ಬೇಕಾದದ್ದನ್ನು ಇನ್ನೊಬ್ಬರು ಬೇಸರವಿಲ್ಲದೆ ಕಾಯುವುದಕ್ಕೆ ನಮಗೆ ಮನೆಯಲ್ಲೂ ಪುರಸೊತ್ತು ಆಗಿರಲಿಲ್ಲ.

ನದಿಯ ಕಡೆಗೆ ಇಳಿದರೆ ಪ್ರಾಸಾ ದು ಕೊಮೆರ್ಸಿಯು ಎಂಬ ವಿಶಾಲ ಚೌಕ. ಮೂರು ಕಡೆ ಹಳದಿ ಕಟ್ಟಡಗಳು, ನಾಲ್ಕನೆಯ ಕಡೆ ತೇಜು ನದಿ. ಇಂಗ್ಲಿಷ್ ಪುಸ್ತಕಗಳಲ್ಲಿ ಅದು ಟೇಗಸ್. ನದಿಗೆ ಇಳಿಯುವ ಮೆಟ್ಟಿಲು, ಎರಡು ಕಂಬ. 1755ರವರೆಗೆ ಇಲ್ಲಿ ಅರಮನೆ ಇತ್ತು, ಅದರ ಜೊತೆಗೇ ಕಾಸಾ ದ ಇಂಡಿಯಾ ಎಂಬ ಸರ್ಕಾರಿ ಕಚೇರಿ, ಉಗ್ರಾಣ. ಪೂರ್ವದೇಶಗಳಿಂದ ಬಂದ ಹಡಗುಗಳ ಮೆಣಸು, ದಾಲ್ಚಿನ್ನಿ, ಲವಂಗ ಎಲ್ಲ ಅಲ್ಲಿ ಲೆಕ್ಕವಾಗುತ್ತಿತ್ತು. ದೊರೆ ಮಲಗುತ್ತಿದ್ದದ್ದು ಮೆಣಸಿನ ಉಗ್ರಾಣದ ಪಕ್ಕದಲ್ಲಿ. ನಮ್ಮ ಘಟ್ಟದ ಮೇಲಿನ ಮೆಣಸು ಇಳಿದುಹೋಗಿ ಮಿರ್ಜಾನ್, ಹೊನ್ನಾವರ, ಭಟ್ಕಳದ ಬಂದರುಗಳಲ್ಲಿ ಹಡಗೇರುತ್ತಿದ್ದ ಕಾಲ ಅದು. ಆ ವ್ಯಾಪಾರವನ್ನು ಕೈಯಲ್ಲಿಟ್ಟುಕೊಂಡಿದ್ದ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು.

ಇದನ್ನೆಲ್ಲ ನಾನು ಮೆಟ್ಟಿಲ ಮೇಲೆ ಕೂತು ಹೇಳುತ್ತಿದ್ದೆ. ಇವರು ಕೇಳಿ ಮುಗಿಸಿ ಒಂದೇ ಪ್ರಶ್ನೆ ಕೇಳಿದರು: "ಬೆಳೆದವಂಗೆ ಎಷ್ಟು ಸಿಗ್ತಿತ್ತೇನ?"

ನಾನು ಪಾಠ ಮಾಡಿದ ಯಾವ ಪುಸ್ತಕದಲ್ಲೂ ಈ ಪ್ರಶ್ನೆ ಇರಲಿಲ್ಲ. ಹಡಗಿನ ಹೆಸರು ಇತ್ತು, ಕಪ್ತಾನನ ಹೆಸರು ಇತ್ತು, ಇಸವಿ ಇತ್ತು. ದರ ಇರಲಿಲ್ಲ. ಶಿರಸಿ ಮಾರುಕಟ್ಟೆಯ ದರವನ್ನು ದಿನಾ ಬೆಳಿಗ್ಗೆ ನೋಡುವವರಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು. ಆ ರಾತ್ರಿ ಕೋಣೆಯಲ್ಲಿ ನಾನು ಓದಿ ತಂದಿದ್ದ ಟಿಪ್ಪಣಿ ಹುಡುಕಿದೆವು. ಪೋರ್ಚುಗಲ್ ದೊರೆ ಮೆಣಸನ್ನು ತನ್ನ ಏಕಸ್ವಾಮ್ಯವಾಗಿ ಇಟ್ಟುಕೊಂಡಿದ್ದ. 16ನೇ ಶತಮಾನದ ಮೊದಲಿಗೆ ಕೊಚ್ಚಿಯ ಅರಸನ ಜೊತೆ ಮಾತಾಡಿ ಕಟ್ಟಿದ ದರವನ್ನು ದಶಕಗಳ ಕಾಲ ಏರಿಸದೆ ಉಳಿಸಿಕೊಂಡರು. ಕಡಲಲ್ಲಿ ಬೇರೆಯವರ ಹಡಗು ಓಡಾಡಬೇಕಾದರೆ ತಮ್ಮ ಪರವಾನಗಿ ಇರಬೇಕೆಂದರು, ಇಲ್ಲದವರನ್ನು ಹಿಡಿದರು. ಕೊಳ್ಳುವವನು ಒಬ್ಬನೇ ಆಗಿ, ಅವನ ಕೈಲಿ ತೋಪು ಇದ್ದರೆ ಬೆಳೆದವನ ಗತಿ ಏನಾಗುತ್ತದೆಂದು ಇವರಿಗೆ ವಿವರಿಸಬೇಕಾಗಿರಲಿಲ್ಲ. ಊರಿನ ಬಗ್ಗೆ ನನಗೆ ಗೊತ್ತಿದ್ದದ್ದು ಅರ್ಧ, ಇವರ ಪ್ರಶ್ನೆಯಿಂದ ಇನ್ನರ್ಧ ಬಂತು. ಗಂಡ ಹೆಂಡತಿ ಒಟ್ಟಿಗೆ ಒಂದು ಊರು ನೋಡಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಒಂದೇ ಮನೆಯಲ್ಲಿ ಇಷ್ಟು ವರ್ಷ ಬೇರೆ ಬೇರೆ ಕೆಲಸ ಮಾಡಿಕೊಂಡು ಬಂದ ಇಬ್ಬರ ಕಣ್ಣುಗಳು ಒಂದೇ ಜಾಗದಲ್ಲಿ ನಿಂತಾಗ ಆ ಜಾಗ ಹೆಚ್ಚು ಕಾಣಿಸುತ್ತದೆ.

ಆ ಉಗ್ರಾಣ, ಆ ಅರಮನೆ ಎಲ್ಲ ಹೋದದ್ದು 1755ರ ನವೆಂಬರ್ 1ರಂದು. ಸಕಲ ಸಂತರ ಹಬ್ಬದ ಬೆಳಿಗ್ಗೆ, ಇಗರ್ಜಿಗಳಲ್ಲಿ ಜನ ತುಂಬಿ, ಮೇಣದ ಬತ್ತಿಗಳು ಉರಿಯುತ್ತಿದ್ದಾಗ ಭೂಮಿ ನಡುಗಿತು. ಹಿಂದೆಯೇ ನದಿಯ ಕಡೆಯಿಂದ ಸುನಾಮಿ, ಅದರ ಹಿಂದೆ ದಿನಗಟ್ಟಲೆ ಉರಿದ ಬೆಂಕಿ. ಆಮೇಲೆ ನಡೆದದ್ದು ನನಗೆ ಇನ್ನೂ ದೊಡ್ಡ ಸಂಗತಿ. ಮುಂದೆ ಪೊಂಬಾಲಿನ ಮಾರ್ಕ್ವಿಸ್ ಎಂದು ಹೆಸರಾದ ಮಂತ್ರಿ ದೇಶದ ಎಲ್ಲ ಪ್ಯಾರಿಷ್‌ಗಳಿಗೆ ಪ್ರಶ್ನಾವಳಿ ಕಳಿಸಿದ: ನಡುಕ ಎಷ್ಟು ಹೊತ್ತು ಇತ್ತು, ಕಡಲು ಮೊದಲು ಏರಿತೊ ಇಳಿಯಿತೊ, ಎಷ್ಟು ಜನ ಸತ್ತರು. ದೇವರ ಕೋಪ ಎಂದು ಬೋಧನೆ ನಡೆಯುತ್ತಿದ್ದ ಕಾಲದಲ್ಲಿ ಒಬ್ಬ ಆಡಳಿತಗಾರ ಅಳತೆ ಕೇಳಿದ. ಭೂಕಂಪ ಶಾಸ್ತ್ರದ ಚರಿತ್ರೆ ಬರೆಯುವವರು ಇಲ್ಲಿಂದ ಶುರು ಮಾಡುತ್ತಾರೆ. ಬೈಶಾ ಎಂಬ ಕೆಳ ಊರನ್ನು ನೇರ ಬೀದಿಗಳಲ್ಲಿ ಹೊಸದಾಗಿ ಕಟ್ಟಿದರು. ಗೋಡೆಯ ಒಳಗೆ ಅಡ್ಡ, ಉದ್ದ, ಮೂಲೆಗೆ ಮರದ ತೊಲೆಗಳನ್ನು ಹೆಣೆದು ಪಂಜರ ಮಾಡಿದರು, ನೆಲ ಅಲುಗಿದರೆ ಮನೆ ಬಾಗಲಿ, ಬೀಳದಿರಲಿ ಎಂದು. ಮೇಲಿನ ಗುಡ್ಡದಲ್ಲಿ ಕಾರ್ಮೊ ಮಠವನ್ನು ಮಾತ್ರ ಸೂರಿಲ್ಲದ ಕಮಾನುಗಳೊಂದಿಗೆ ಹಾಗೇ ಉಳಿಸಿದ್ದಾರೆ. ಅದರ ಮುಂದಿನ ಚೌಕದಲ್ಲಿ ಜಕರಂದ ಮರಗಳು ನೇರಳೆ ಹೂವು ಸುರಿಸುತ್ತಿದ್ದವು. ಬೆಂಗಳೂರಿನಲ್ಲಿ ಶಿವರಾತ್ರಿಯ ಆಸುಪಾಸಿಗೆ ನೋಡುವ ಮರವೇ. ಎರಡೂ ಊರಿಗೆ ದಕ್ಷಿಣ ಅಮೆರಿಕದಿಂದ ಬಂದದ್ದು. 1974ರ ಏಪ್ರಿಲ್ 25ರಂದು ಪೋರ್ಚುಗಲ್ಲಿನ ಸರ್ವಾಧಿಕಾರದ ಕೊನೆಯ ಪ್ರಧಾನಿ ಶರಣಾದದ್ದು ಇದೇ ಚೌಕದ ಠಾಣೆಯಲ್ಲಿ. ಹೂವಿನ ಕೆಳಗಿನ ಬೆಂಚಿನಲ್ಲಿ ನಾವು ಮಧ್ಯಾಹ್ನ ಪೂರ್ತಿ ಕಳೆದೆವು.

ನದಿಯ ಅಂಚಿನ ಇನ್ನೊಂದು ಮನೆಯ ಬಗ್ಗೆ ನಮ್ಮ ಉತ್ತರ ಕನ್ನಡದವರು ತಿಳಿದಿರಬೇಕು. ಮುಖದ ತುಂಬ ಮೊನೆ ಚಾಚಿದ ಕಲ್ಲುಗಳಿರುವ ಕಾಸಾ ದುಸ್ ಬೀಕುಸ್. 1523ರಲ್ಲಿ ಅದನ್ನು ಕಟ್ಟಿಸಿದವನು ಬ್ರಾಸ್ ದೆ ಅಲ್ಬುಕರ್ಕ್. 1510ರಲ್ಲಿ ಗೋವೆಯನ್ನು ಹಿಡಿದ ಆಫೊನ್ಸೊ ದೆ ಅಲ್ಬುಕರ್ಕನ ಮಗ. ಗೋವೆಗೆ ಬಾ ಎಂದು ಅಪ್ಪನನ್ನು ಕರೆದು ನೆರವಾದವನು ಹೊನ್ನಾವರದ ತಿಮ್ಮಯ್ಯ, ಪೋರ್ಚುಗೀಸರ ಕಾಗದಗಳಲ್ಲಿ ತಿಮೋಜ. ಊರು ಹಿಡಿದ ಮೇಲೆ ಅಲ್ಲಿನ ಮುಸ್ಲಿಮರನ್ನು ಕೊಲ್ಲಿಸಿದ್ದನ್ನು ಅಲ್ಬುಕರ್ಕ್ ತನ್ನ ದೊರೆಗೆ ತಾನೇ ಬರೆದು ತಿಳಿಸಿದ. ಆ ಮಗನ ಮನೆಯಲ್ಲಿ ಈಗ ಇರುವುದು ಜೋಸೆ ಸರಮಾಗೊ ಪ್ರತಿಷ್ಠಾನ. 1998ರಲ್ಲಿ ನೊಬೆಲ್ ಪಡೆದ ಕಾದಂಬರಿಕಾರ, ಬಾಲ್ಯದ ಎಷ್ಟೋ ದಿನಗಳನ್ನು ಅಕ್ಷರ ಬಾರದ ಅಜ್ಜ ಅಜ್ಜಿಯ ಮಡಿಲಲ್ಲಿ ಕಳೆದವರು. ಅವರ ಹುಟ್ಟೂರಿನಿಂದ ಒಂದು ಆಲಿವ್ ಮರವನ್ನು ಬೇರು ಸಮೇತ ತಂದು ಮನೆಯ ಮುಂದೆ ನೆಟ್ಟು, 2011ರಲ್ಲಿ ಅದರ ಬುಡದಲ್ಲಿ ಅವರ ಚಿತಾಭಸ್ಮ ಇಟ್ಟಿದ್ದಾರೆ. ತಮ್ಮ ಎಷ್ಟೋ ಪುಸ್ತಕಗಳನ್ನು ಅವರು ಅರ್ಪಿಸಿದ್ದು ಹೆಂಡತಿ ಪಿಲಾರ್‌ಗೆ. ಪ್ರತಿಷ್ಠಾನವನ್ನು ಮುನ್ನಡೆಸಿಕೊಂಡು ಬಂದವರೂ ಆಕೆಯೇ. ದಂಡಯಾತ್ರೆಯ ಸಂಪತ್ತಿನ ಮನೆ ಕೂಲಿಕಾರರ ಮೊಮ್ಮಗನ ಸಾಹಿತ್ಯದ ಮನೆಯಾಗಿದೆ. ಆ ಮರದ ಎದುರು ನಿಂತಾಗ ನನಗೆ ನಿಜಕ್ಕೂ ಸಮಾಧಾನವಾಯಿತು.

ಅಲ್ಲಿಂದ ಮೇಲಕ್ಕೆ ಹತ್ತಿದರೆ ಅಲ್ಫಾಮಾ. ಬಂಡೆಯ ಮೇಲಿದ್ದುದರಿಂದ ಭೂಕಂಪದಲ್ಲಿ ಹೆಚ್ಚಾಗಿ ಉಳಿದುಕೊಂಡ ಹಳೆಯ ಕೇರಿ. ಒಬ್ಬರು ನಡೆದರೆ ಇನ್ನೊಬ್ಬರು ಗೋಡೆಗೆ ಸರಿಯಬೇಕಾದ ಓಣಿಗಳು, ಮೆಟ್ಟಿಲು, ಕಿಟಕಿಯಿಂದ ಕಿಟಕಿಗೆ ಒಣಗಲು ಹಾಕಿದ ಬಟ್ಟೆ. ಎಲ್ಲ ಪ್ರವಾಸಿಗರಿಗೂ ಬಹಳ ಇಷ್ಟವಾಗುವ ಜಾಗ, ಅದೇ ಅದಕ್ಕೆ ಕುತ್ತಾಗಿದೆ. ಬಾಗಿಲುಗಳ ಪಕ್ಕದಲ್ಲಿ ಎ ಎಲ್ ಎಂಬ ಎರಡಕ್ಷರದ ಫಲಕ ಇದ್ದರೆ ಅದು ಪ್ರವಾಸಿಗರಿಗೆ ದಿನದ ಬಾಡಿಗೆಗೆ ಕೊಡುವ ಮನೆ ಎಂದರ್ಥ. ಅಂಥ ಫಲಕ ಓಣಿಗೆ ಒಂದಲ್ಲ, ಸಾಲಾಗಿ ಕಂಡವು. 2012ರಲ್ಲಿ ಬಾಡಿಗೆ ಕಾನೂನು ಸಡಿಲವಾದ ಮೇಲೆ, ತಲೆಮಾರುಗಳಿಂದ ಕಡಿಮೆ ಬಾಡಿಗೆಯಲ್ಲಿ ಇದ್ದ ಮುದುಕರು, ಮುದುಕಿಯರು ಮನೆ ಬಿಡಬೇಕಾಯಿತು. ಈಚೆಗೆ ನಗರಸಭೆ ಹಳೆಯ ಕೇರಿಗಳಲ್ಲಿ ಹೊಸ ಪರವಾನಗಿಗಳಿಗೆ ಕಡಿವಾಣ ಹಾಕಿದೆ. ಆದರೆ ಹೋದವರು ಮರಳಿ ಬರುವುದು ಕಷ್ಟ.

ಹೊರಡುವ ಮೊದಲೇ ಮಗಳು ಇದನ್ನು ಓದಿ ಹೇಳಿದ್ದಳು. ಅದಕ್ಕೇ ನಾವು ಅಲ್ಫಾಮಾದಲ್ಲಿ ಮನೆ ಹಿಡಿಯದೆ, ಮಾರ್ತಿಂ ಮೊನಿಸ್ ಚೌಕದ ಹತ್ತಿರ ಒಂದು ಹಳೆಯ ಸಣ್ಣ ವಸತಿಗೃಹದಲ್ಲಿ ಉಳಿದೆವು. ಅಲ್ಲಿ ಎಲ್ಲರಿಗೂ ಸೇರಿ ಒಂದು ಅಡಿಗೆ ಮೂಲೆ ಇತ್ತು. ನಮ್ಮ ಘಟ್ಟದ ಊರುಗಳಲ್ಲೂ ಈಗ ಹೋಂಸ್ಟೇಗಳು ಏಳುತ್ತಿವೆ, ಶನಿವಾರ ರಾತ್ರಿ ತೋಟದಾಚೆಯಿಂದ ಸ್ಪೀಕರಿನ ಸದ್ದು ಕೇಳುತ್ತದೆ. ಬಂದವರಿಂದ ಊರಿನವರಿಗೆ ಏನಾಗುತ್ತದೆಂದು ಗೊತ್ತಿರುವ ನಾವು ಬೇರೆಯವರ ಊರಿಗೆ ಹೋದಾಗ ಅದನ್ನು ಮರೆಯಬಾರದು. ಅಲ್ಫಾಮಾದ ಓಣಿಯಲ್ಲಿ ನಾವು ಜೋರಾಗಿ ಮಾತಾಡಲಿಲ್ಲ, ತೆರೆದ ಬಾಗಿಲಿನೊಳಗೆ ಮೊಬೈಲು ಹಿಡಿಯಲಿಲ್ಲ. 28ನೇ ನಂಬರಿನ ಹಳದಿ ಟ್ರಾಮ್ ಲೋಕಪ್ರಸಿದ್ಧ. 1930ರ ದಶಕದ ಮರದ ಮೈಯ ಬಂಡಿ, ಗೋಡೆಗೆ ಗೇಣು ದೂರದಲ್ಲಿ ತಿರುಗುತ್ತದೆ. ಪ್ರವಾಸಿಗರು ತುಂಬಿಕೊಂಡು, ಸಂತೆ ಚೀಲ ಹಿಡಿದ ಊರಿನ ಮುದುಕಿಯರು ಹತ್ತಲಾಗದೆ ನಿಲ್ದಾಣದಲ್ಲೇ ಉಳಿಯುತ್ತಾರೆ. ಬೆಳ್ಳಂಬೆಳಿಗ್ಗೆ ಖಾಲಿ ಇದ್ದಾಗ ಒಮ್ಮೆ ಹತ್ತಿ ಇಳಿದೆವು. ಊರಿನ ಹಳೆಯ ಕೋಟೆಯ ಗುಡ್ಡಕ್ಕೆ 737ನೇ ನಂಬರಿನ ಬಸ್ಸೂ ಹೋಗುತ್ತದೆ, ಕೆಳಗಿನ ಫಿಗೇರಾ ಚೌಕದಿಂದ. ಆಮೇಲೆ ಅದೇ ನಮ್ಮ ಬಸ್ಸಾಯಿತು.

ಜೂನ್ 12ರ ರಾತ್ರಿ ಸಂತ ಅಂತೋನಿಯ ಹಬ್ಬ. ಈ ಸಂತ ಇಟಲಿಯ ಪದುವಾದಲ್ಲಿ ತೀರಿಕೊಂಡರೂ ಹುಟ್ಟಿದ್ದು ಲಿಸ್ಬನ್ನಿನಲ್ಲಿ, 12ನೇ ಶತಮಾನದ ಕೊನೆಗೆ. ಮದುವೆ ಕೂಡಿಸುವ ಸಂತ ಎಂದು ಊರಿನ ನಂಬಿಕೆ. ಬೀದಿಗಳಲ್ಲಿ ಬಣ್ಣದ ಕಾಗದದ ತೋರಣ, ಕೆಂಡದ ಮೇಲೆ ಸಾರ್ಡಿನ್ ಮೀನಿನ ಹೊಗೆ. ನಮ್ಮ ತುಳಸಿಯ ಕುಲದ್ದೇ ಆದ ಸಣ್ಣೆಲೆಯ ಗಿಡವನ್ನು ಪುಟ್ಟ ಕುಂಡದಲ್ಲಿ, ಕಾಗದದ ಹೂವು ಮತ್ತು ಒಂದು ಪದ್ಯದ ಚೀಟಿ ಸಿಕ್ಕಿಸಿ ಮಾರುತ್ತಾರೆ, ಪ್ರೀತಿಸಿದವರಿಗೆ ಕೊಡುವುದಕ್ಕೆ. ಗಿಡಕ್ಕೆ ಮೂಗು ತಾಗಿಸಬಾರದು, ಅಂಗೈಯನ್ನು ಎಲೆಗಳ ಮೇಲೆ ಸವರಿ ಆ ಕೈಯನ್ನು ಮೂಸಬೇಕು. ಇದನ್ನು ನಮಗೆ ತೋರಿಸಿಕೊಟ್ಟದ್ದು ಮಾರುತ್ತಿದ್ದ ಹೆಂಗಸು. ಇವರು ಒಂದು ಕುಂಡ ಕೊಂಡು ನನ್ನ ಕೈಗೆ ಕೊಟ್ಟರು. ಮದುವೆಯಲ್ಲಿ ಧಾರೆ ಎರೆದದ್ದು, ಸೀರೆ ಕೊಟ್ಟದ್ದು ಎಲ್ಲ ಹಿರಿಯರ ತೀರ್ಮಾನ. ತಾವೇ ಆರಿಸಿ, ಬೀದಿಯಲ್ಲಿ ಎಲ್ಲರೆದುರು ಕೊಟ್ಟದ್ದು ಇದು ಮೊದಲು, ಅದಕ್ಕೆ ಇದನ್ನು ಬರೆಯಬೇಕೆನಿಸಿತು.

ಆ ಹಬ್ಬಕ್ಕೆ ನಗರಸಭೆ ಖರ್ಚು ಹಾಕಿ 16 ಜೋಡಿಗಳಿಗೆ ಸಾಮೂಹಿಕ ಮದುವೆ ಮಾಡಿಸುತ್ತದೆ. ಕೈಯಲ್ಲಿ ಹಣವಿಲ್ಲದವರಿಗಾಗಿ 1958ರಲ್ಲಿ ಶುರುವಾಗಿ, 1974ರಲ್ಲಿ ನಿಂತು, 1997ರಲ್ಲಿ ಮತ್ತೆ ಆರಂಭವಾದ ಪದ್ಧತಿ. ಧರ್ಮಸ್ಥಳದಲ್ಲಿ 1972ರಿಂದ ನಡೆಯುತ್ತಿರುವ ಸಾಮೂಹಿಕ ವಿವಾಹ ನೋಡಿದ ನಮಗೆ ಅದು ಪರಕೀಯ ಅನಿಸಲೇ ಇಲ್ಲ. ಕೆಥೆಡ್ರಲ್ಲಿನ ಮುಂದೆ ಊರಿನ ಹೆಂಗಸರು ಮದುಮಕ್ಕಳ ಬಟ್ಟೆ ನೋಡಲು ಮುಗಿಬಿದ್ದಿದ್ದರು. ನಾನೂ ಅವರ ನಡುವೆ ನಿಂತಿದ್ದೆ.

ಊಟದ ಚಿಂತೆಯಿಂದಲೇ ನಮ್ಮ ಕಡೆಯ ಬಹಳ ಜನ ಗುಂಪು ಪ್ರವಾಸಕ್ಕೆ ಹೋಗುತ್ತಾರೆ, ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ. ನಾವು ಮೀನು, ಮಾಂಸ, ಮೊಟ್ಟೆ ತಿನ್ನುವವರಲ್ಲ. ಲಿಸ್ಬನ್ನಿನ ಹೆಸರಾಂತ ಕೆನೆಯ ಕಡುಬಿನಲ್ಲಿ ಮೊಟ್ಟೆಯ ಹಳದಿ ಇರುತ್ತದೆ, ಅದನ್ನು ಬಿಟ್ಟೆವು. ಮೆಕ್ಕೆಜೋಳದ ರೊಟ್ಟಿ, ತರಕಾರಿ ಸೂಪು, ಗಿಣ್ಣದಂಥ ಚೀಸು, ಆಲಿವ್, ಚೆರಿ ಹಣ್ಣು, ಒಳ್ಳೆಯ ಕಾಫಿ ಎಲ್ಲ ಕಡೆ ಸಿಕ್ಕವು. ಸೂಪಿಗೆ ಹಂದಿಮಾಂಸದ ತುಂಡು ಹಾಕುವ ರೂಢಿ ಇದೆ, ಬೇಡವೆಂದು ಮೊದಲೇ ಹೇಳಬೇಕು. ಮಾರ್ತಿಂ ಮೊನಿಸ್ ಪಕ್ಕದ ಬೆನ್‌ಫೊರ್ಮೊಸು ಬೀದಿಯಲ್ಲಿ ಬಾಂಗ್ಲಾದೇಶದವರ ಅಂಗಡಿಗಳಿವೆ: ತೊಗರಿಬೇಳೆ, ಹಸಿಮೆಣಸು, ಕೊತ್ತಂಬರಿ ಸೊಪ್ಪು. ಊರಿನ ಉತ್ತರಕ್ಕೆ ಲುಮಿಯಾರ್ ಎಂಬಲ್ಲಿ ಮಹಾತ್ಮ ಗಾಂಧಿ ಹೆಸರಿನ ರಸ್ತೆಯಲ್ಲಿ ರಾಧಾಕೃಷ್ಣ ದೇವಸ್ಥಾನವಿದೆ. ಗುಜರಾತಿನಿಂದ ಮೊಜಾಂಬಿಕ್‌ಗೆ ಹೋಗಿ, ಅಲ್ಲಿಂದ ಪೋರ್ಚುಗಲ್‌ಗೆ ಬಂದ ಕುಟುಂಬಗಳು ಕಟ್ಟಿಕೊಂಡದ್ದು. ಅದರ ಸಸ್ಯಾಹಾರಿ ಊಟದ ಮನೆಯಲ್ಲಿ ಉಂಡೆವು. ಊಟಕ್ಕಿಂತ ಹೆಚ್ಚಾಗಿ ನನಗೆ ಬೇಕಾಗಿದ್ದ ಇನ್ನೊಂದು ಸಂಗತಿ ಎಲ್ಲ ಹೋಟೆಲುಗಳಲ್ಲೂ ಸಿಕ್ಕಿತು. ಇಬ್ಬರ ತಟ್ಟೆಯೂ ಒಟ್ಟಿಗೆ ಬರುತ್ತಿತ್ತು. ನಮ್ಮ ಮನೆಗಳಲ್ಲಿ ಬಡಿಸಿ ಮುಗಿಸಿ ಕೊನೆಗೆ ಉಣ್ಣುವ ಹೆಂಗಸರಿಗೆ ಬಿಸಿ ಬಿಸಿ ಅನ್ನದ ಎದುರು ಗಂಡನ ಜೊತೆಯೇ ಕೂತು ಮಾತಾಡುವುದು ಎಂದರೆ ಏನೆಂದು ಹೇಳಿ ತಿಳಿಸಬೇಕಿಲ್ಲ.

ಊರಿನ ಬೆಲೆಂ ಎಂಬ ಭಾಗಕ್ಕೆ ಹೋದ ದಿನ ನಮ್ಮಿಬ್ಬರಿಗೆ ಮಾತು ಹತ್ತಿತು. ಜೆರೋನಿಮುಸ್ ಮಠ ಅಲ್ಲಿದೆ. ಆಫ್ರಿಕಾ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ಹಾಕಿದ ಶೇ 5ರ ತೆರಿಗೆಯಿಂದ 16ನೇ ಶತಮಾನದಲ್ಲಿ ಎದ್ದ ಕಟ್ಟಡ. ಕಲ್ಲಿನ ಕಂಬಗಳಲ್ಲಿ ಹಗ್ಗ, ಹವಳ, ಎಲೆಬಳ್ಳಿ ಕೆತ್ತಿದ್ದಾರೆ. ಒಳಗೆ ಕವಿ ಕಮೋಯಿಸ್‌ನ ಸಮಾಧಿಯ ಎದುರು ವಾಸ್ಕೊ ಡ ಗಾಮನ ಸಮಾಧಿ; 1524ರಲ್ಲಿ ಕೊಚ್ಚಿಯಲ್ಲಿ ಸತ್ತವನ ಅಸ್ಥಿಯನ್ನು 1880ರಲ್ಲಿ ಇಲ್ಲಿಗೆ ತಂದರು. ಮೊದಲ ಯಾನದಿಂದ ಮರಳುವಾಗ ಅವನು ಹಡಗು ಸರಿಪಡಿಸಿಕೊಳ್ಳಲು ತಂಗಿದ್ದ ಅಂಜದೀವ್ ದ್ವೀಪ ಕಾರವಾರದ ಕಡಲಲ್ಲೇ ಇದೆ. ಅವನು ಹಡಗು ತುಂಬ ಯಾತ್ರಿಕರನ್ನು ಸುಟ್ಟದ್ದು ಇವರಿಗೆ ಗೊತ್ತಿತ್ತು. ಒಂದು ನಿಮಿಷ ನೋಡಿ ಹೊರಗೆ ಹೋಗೋಣ ಎಂದರು. ನಾನು ಒಪ್ಪಲಿಲ್ಲ. ಇಷ್ಟು ಚೆಂದ ಕೆತ್ತಿದ ಶಿಲ್ಪಿಗಳು ಯಾರನ್ನೂ ಸುಟ್ಟಿಲ್ಲ, ಅವರ ಕೆಲಸವನ್ನು ನೋಡುತ್ತೇನೆ ಎಂದೆ. ಬೇರೆಯವರ ದುಡ್ಡಿನ ಚೆಂದ ಎಂದು ಇವರು. ಹಾಗಾದರೆ ಯಾವ ದೊಡ್ಡ ಗುಡಿ ಯಾರ ದುಡ್ಡಿನದು ಎಂದು ನಾನು. ವಾಪಸ್ಸು ಟ್ರಾಮಿನಲ್ಲಿ, ರಾತ್ರಿ ಅನ್ನ ಬೇಯುವ ತನಕ ಇದೇ ಮಾತು. ಮನೆಯಲ್ಲಿ ನಮ್ಮ ಜಗಳಗಳೆಲ್ಲ ಆಳು ಬರಲಿಲ್ಲ, ಮೋಟಾರು ಕೆಟ್ಟಿತು, ಮಗ ಫೋನು ಮಾಡಲಿಲ್ಲ ಎಂಬುದರ ಸುತ್ತ. ಐನೂರು ವರ್ಷದ ಹಿಂದಿನ ನ್ಯಾಯದ ಬಗ್ಗೆ ಗಂಡ ಹೆಂಡತಿ ಎದೆ ಬಿಚ್ಚಿ ವಾದ ಮಾಡಬಹುದೆಂದು ನಮಗೆ ಆ ಊರಿನಲ್ಲಿ ತಿಳಿಯಿತು. ನನ್ನ ಅಭಿಪ್ರಾಯ ಬದಲಾಗಿಲ್ಲ, ಇವರದ್ದೂ ಇಲ್ಲ.

ಗುಂಪು ಪ್ರವಾಸವೇ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಸಂಗಾತಿಯನ್ನು ಕಳೆದುಕೊಂಡವರಿಗೆ, ನಿತ್ಯ ನೋಡಿಕೊಳ್ಳಬೇಕಾದ ಕಾಯಿಲೆ ಇದ್ದವರಿಗೆ ಅದೇ ಸರಿ. ಕಾಲಲ್ಲಿ ಶಕ್ತಿ ಇದ್ದು, ಇಬ್ಬರೂ ಜೊತೆಗಿರುವವರಿಗೆ ನನ್ನ ಒತ್ತಾಯ. ಮೊಣಕಾಲು ನೋವಿದ್ದರೆ ಲಿಸ್ಬನ್ ಬೇಡ, ವಿಯೆನ್ನಾದಂಥ ಸಪಾಟು ಊರು ಹಿಡಿಯಿರಿ, ಅಲ್ಲಿ ಟ್ರಾಮು ಎಲ್ಲ ಕಡೆಗೂ ಹೋಗುತ್ತದೆ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಿಗುವ ಷೆಂಗೆನ್ ವೀಸಾದ ಶುಲ್ಕ ಒಬ್ಬರಿಗೆ 90 ಯೂರೊ, ಕನಿಷ್ಠ 30,000 ಯೂರೊ ರಕ್ಷಣೆಯ ವಿಮೆ ಬೇಕು. ಒಂದು ಊರಿಗೆ ಹೋದರೂ ಎಂಟು ದೇಶಕ್ಕೆ ಹೋದರೂ ಇವು ಅಷ್ಟೇ. ಲಿಸ್ಬನ್ನಿನಲ್ಲಿ ರಾತ್ರಿಗೆ ತಲಾ 4 ಯೂರೊ ಪ್ರವಾಸಿ ತೆರಿಗೆಯನ್ನೂ ಕಟ್ಟಬೇಕು. ಊರನ್ನು ಬಳಸಿಕೊಂಡದ್ದಕ್ಕೆ ಅದು ನ್ಯಾಯವಾದ ಹಣ. ಕಿಸೆಗಳ್ಳರ ಕಾಟ ಟ್ರಾಮಿನಲ್ಲಿ ಇದೆ, ಪಾಸ್‌ಪೋರ್ಟು ಕೋಣೆಯಲ್ಲಿಟ್ಟು ನಕಲು ಪ್ರತಿ ಒಯ್ಯಿರಿ. ಹಿಡಿತವಿರುವ ತಳದ ಬೂಟು ಬೇಕೇ ಬೇಕು, ನುಣುಪಾದ ಸುಣ್ಣಕಲ್ಲು ಮಳೆಯಲ್ಲಿ ಜಾರುತ್ತದೆ. ಇಂಗ್ಲಿಷ್ ಬಾರದಿದ್ದರೂ ಅಂಜಬೇಡಿ. ದಾರಿ ಕೇಳಿದಾಗ ಮುದುಕರೊಬ್ಬರು ನಮ್ಮ ಜೊತೆ ಗುಡ್ಡದ ತುದಿಯವರೆಗೆ ನಡೆದು ಬಂದು ತೋರಿಸಿದರು, ಅವರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ.

ಇದನ್ನು ಓದುವ ಮಕ್ಕಳಿಗೆ ಒಂದು ಕೋರಿಕೆ. ಅಪ್ಪ ಅಮ್ಮನಿಗೆ ಟಿಕೆಟು ತೆಗೆಸುವಾಗ ಊರು ಯಾವುದೆಂದು ಅವರನ್ನೇ ಕೇಳಿ, ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ. ಅಮ್ಮನ ಕೈಗೂ ಒಂದು ಬ್ಯಾಂಕ್ ಕಾರ್ಡು, ನಕ್ಷೆ ತೆರೆಯಲು ಬರುವ ಒಂದು ಫೋನು ಕೊಡಿ. ದಿನಕ್ಕೆ ಇಷ್ಟು ಜಾಗ ಎಂಬ ಪಟ್ಟಿ ಮಾಡಿಕೊಡಬೇಡಿ. ನಿಲ್ದಾಣದಿಂದ ವಸತಿಗೃಹದ ತನಕದ ದಾರಿಯನ್ನು ಮಾತ್ರ ಬರೆದುಕೊಡಿ, ಉಳಿದದ್ದನ್ನು ಅವರು ಹುಡುಕಿಕೊಳ್ಳುತ್ತಾರೆ.